ಇಂಗ್ಲಿಷ್ ಮಾದರಿಯ ಮನೆ ಅಲಂಕಾರ: ನಮ್ಮ ವಾಡೆಗೂ ಹೊಸ ಮನೆಗೂ ಹೊಂದುವುದೆಷ್ಟು?



ಮೈಂದರ್ಗಿ, ದುಧನಿ, ಅಕ್ಕಲಕೋಟೆ, ಸೊಲ್ಲಾಪುರ ಹಾಗೂ ಗಡಿಯಾಚೆಯ ಅಫಜಲಪುರ, ಆಳಂದ, ಇಂಡಿ ಭಾಗದ ನಮ್ಮ ಸದಸ್ಯರಲ್ಲಿ ಕೆಲವರು ಹಳೆಯ ಮನೆ ದುರಸ್ತಿ ಮಾಡಿಸುತ್ತಿದ್ದಾರೆ, ಕೆಲವರು ಕೆಡವಿ ಹೊಸದು ಕಟ್ಟಿಸುತ್ತಿದ್ದಾರೆ. ಪುಣೆ, ಮುಂಬಯಿ, ಬೆಂಗಳೂರಿನಲ್ಲಿರುವ ಮಕ್ಕಳು ಮೊಬೈಲಿನಲ್ಲಿ ಇಂಗ್ಲಿಷ್ ಮಾದರಿಯ ಕೋಣೆಗಳ ಚಿತ್ರ ಕಳಿಸುತ್ತಾರೆ. ಊರಲ್ಲಿರುವ ತಂದೆತಾಯಿ ಆ ಚಿತ್ರವನ್ನು ಗೌಂಡಿಗೆ ತೋರಿಸುತ್ತಾರೆ. ಗೌಂಡಿ ತನಗೆ ತಿಳಿದಂತೆ ಪಿಓಪಿ ಹೂಬಳ್ಳಿ, ಹೊಳೆಯುವ ಟೈಲ್ಸ್, ಪ್ಲಾಸ್ಟಿಕ್ ಫಲಕ ಹಾಕಿ ಕೆಲಸ ಮುಗಿಸುತ್ತಾನೆ. ಚಿತ್ರದಲ್ಲಿದ್ದ ಚೆಂದ ಮಾತ್ರ ಬರುವುದಿಲ್ಲ, ಮನೆಯಲ್ಲಿದ್ದ ಸಾಗವಾನಿ ಕಂಬವೂ ಉಳಿಯುವುದಿಲ್ಲ.

ಆದ್ದರಿಂದ ಇಂಗ್ಲಿಷ್ ಮಾದರಿ ಎಂದರೇನು, ಅದರಲ್ಲಿ ನಮ್ಮ ಹವೆಗೆ, ನಮ್ಮ ಗೋಡೆಗೆ, ನಮ್ಮ ಬಾಳುವೆಗೆ ಹೊಂದುವುದು ಯಾವುದು, ಹೊಂದದ್ದು ಯಾವುದು ಎಂಬುದನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ಕ್ರಮವಾಗಿ ಕೊಡಲಾಗಿದೆ.

1. ಇಂಗ್ಲಿಷ್ ಮಾದರಿ ಎಂದರೆ ಯಾವುದು?

ಇಂಗ್ಲಿಷ್ ಮಾದರಿ ಎಂಬುದು ಒಂದೇ ಅಲ್ಲ. 1714ರಿಂದ 1830ರ ವರೆಗಿನ ಜಾರ್ಜಿಯನ್ ಕಾಲದ ಮನೆಗಳಲ್ಲಿ ಅಳತೆ ಮುಖ್ಯ. ಬಾಗಿಲಿಗೆ ಎದುರು ಬಾಗಿಲು, ಕಿಟಕಿಗೆ ಸಮನಾಗಿ ಕಿಟಕಿ, ತಿಳಿ ಬಣ್ಣ. 1837ರಿಂದ 1901ರ ವರೆಗಿನ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೋಣೆ ತುಂಬ ಸಾಮಾನು, ದಪ್ಪ ಪರದೆ, ಗೋಡೆಗೆ ಹೂವಿನ ಕಾಗದ, ಗಾಢ ಬಣ್ಣದ ಕಟ್ಟಿಗೆ. ಕಾರಖಾನೆಯಲ್ಲಿ ರಾಶಿರಾಶಿಯಾಗಿ ತಯಾರಾದ ಸಾಮಾನು ಆಗ ಮನೆಮನೆಗೂ ಹೋಯಿತು. ಅದಕ್ಕೆ ಬೇಸತ್ತು ಕೈಕೆಲಸಕ್ಕೆ ಮರಳಬೇಕೆಂದವರಲ್ಲಿ ವಿಲಿಯಂ ಮಾರಿಸ್ (1834-1896) ಪ್ರಮುಖ. ಮನೆಯಲ್ಲಿರುವ ವಸ್ತು ಉಪಯೋಗಕ್ಕಾದರೂ ಬರಬೇಕು, ಚೆಂದವಾದರೂ ಇರಬೇಕು, ಎರಡೂ ಇಲ್ಲದ್ದು ಇರಬಾರದು ಎಂಬುದು ಅವನ ನಿಲುವು. ಇವೆಲ್ಲದರ ಜೊತೆಗೆ ಹಳ್ಳಿಯ ಮನೆಗಳದ್ದೇ ಇನ್ನೊಂದು ಬಗೆ. ಅಜ್ಜನ ಕುರ್ಚಿ, ಅಜ್ಜಿಯ ಕೌದಿ, ಸವೆದ ಮೇಜು, ಹೂವಿನ ಬಟ್ಟೆ, ಪುಸ್ತಕದ ಕಪಾಟು, ಕಿಟಕಿಯ ಬಳಿ ಕೂಡುವ ಜಾಗ.

ಮಕ್ಕಳು ಕಳಿಸುವ ಚಿತ್ರಗಳಲ್ಲಿ ಹೆಚ್ಚಿನವು ಈ ಕಡೆಯ ಬಗೆಯವು. ಇವುಗಳಲ್ಲಿ ಎಲ್ಲವೂ ಹೊಸದಾಗಿ ಒಂದೇ ಅಂಗಡಿಯಿಂದ ಬಂದಂತೆ ಕಾಣುವುದಿಲ್ಲ. ಮೂರು ತಲೆಮಾರಿನ ಸಾಮಾನು ಒಂದೇ ಕೋಣೆಯಲ್ಲಿ ಬಳಕೆಯಲ್ಲಿರುತ್ತದೆ. ಈ ಮಾದರಿಯ ಗುಟ್ಟು ಇದೇ.

2. ಅದರಲ್ಲಿ ನಮ್ಮದೆಷ್ಟು?

ಇಂಗ್ಲಿಷರ ಮನೆಯ ಹೂವಿನ ಬಟ್ಟೆಗೆ ಅವರು ‘ಚಿಂಟ್ಸ್’ ಎನ್ನುತ್ತಾರೆ. ಅದು ನಮ್ಮ ‘ಛೀಂಟ್’ ಎಂಬ ಮಾತು. ಕೋರಮಂಡಲ ಕರಾವಳಿ, ಗುಜರಾತ ಭಾಗಗಳಿಂದ ಈಸ್ಟ್ ಇಂಡಿಯಾ ಕಂಪನಿ ಈ ಬಣ್ಣದ ಹತ್ತಿಬಟ್ಟೆಯನ್ನು ಒಯ್ದು ಮಾರಿತು. ಅಲ್ಲಿಯ ಹೆಣ್ಣುಮಕ್ಕಳು ಅದನ್ನೇ ಉಡತೊಡಗಿದಾಗ ಇಂಗ್ಲೆಂಡಿನ ಉಣ್ಣೆ, ರೇಷ್ಮೆ ನೇಕಾರರು ದಂಗೆಯೆದ್ದರು. ಕೊನೆಗೆ 1721ರಲ್ಲಿ ಅಂಥ ಬಟ್ಟೆಯ ಬಳಕೆಯನ್ನೇ ತಡೆಯುವ ಕಾಯ್ದೆ ಬಂತು. ಅದು ರದ್ದಾದದ್ದು 1774ರಲ್ಲಿ. ಇಂದು ಅಪ್ಪಟ ಇಂಗ್ಲಿಷ್ ಎಂದು ನಾವು ನೋಡುವ ಹೂವಿನ ಪರದೆಯ ಹಿಂದೆ ಇಷ್ಟು ಕಥೆಯಿದೆ.

ಇನ್ನೂ ಇವೆ. ‘ಬಂಗಲೆ’ ಎಂದರೆ ಬಂಗಾಲ ರೀತಿಯ ಮನೆ. ‘ಕಾಟ್’ ಎಂದರೆ ಖಾಟ್. ‘ಕ್ಯಾಲಿಕೋ’ ಬಟ್ಟೆಗೆ ಕಲ್ಲಿಕೋಟೆಯ ಹೆಸರು. ಅವರು ‘ಪೇಸ್ಲಿ’ ಎನ್ನುವ ವಿನ್ಯಾಸ ನಮ್ಮ ಸೀರೆಯ ಮಾವಿನಕಾಯಿ. ಕಾಶ್ಮೀರದ ಶಾಲು ನೋಡಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ನೇಕಾರರು ಅದನ್ನು ನೇಯ್ದರು, ಊರಿನ ಹೆಸರೇ ನಿಂತಿತು. ಮಾರಿಸ್ ಕೂಡ ತನ್ನ ಹೆಸರಾಂತ ಅಚ್ಚಿನ ಬಟ್ಟೆಗಳಿಗೆ ಬಳಸಿದ್ದು ನೀಲಿ ಗಿಡದ ಬಣ್ಣವನ್ನು.

ಹೀಗಿರುವಾಗ ಇಂಗ್ಲಿಷ್ ಮಾದರಿ ಇಷ್ಟವಾದರೆ ಸಂಕೋಚಪಡಬೇಕಾದ್ದಿಲ್ಲ. ದೂರದ ಅಂಗಡಿಯಿಂದ ಅದರ ನಕಲು ತರಿಸಬೇಕಾದ್ದೂ ಇಲ್ಲ.

3. ನಮ್ಮ ಭಾಗಕ್ಕೆ ಅದು ಬಂದ ಬಗೆ

1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. ಮುಂದೆ ಅದೇ ದಾರಿ ಅಕ್ಕಲಕೋಟೆ ರೋಡ್, ದುಧನಿ, ಕಲಬುರಗಿ ದಾಟಿ ರಾಯಚೂರು ಸೇರಿತು. ಗಿರಣಿಗಳು ಬಂದವು, ಗಿರಣಿಯ ಜೊತೆ ಹಣ ಬಂತು, ಹಣದ ಜೊತೆ ಹೊಸ ರೀತಿಯ ಮನೆ ಬಂತು. ಉದ್ಯಮಿ ಅಪ್ಪಾಸಾಹೇಬ ವಾರದ ಅವರು ಕಟ್ಟಿಸಿದ ಸೊಲ್ಲಾಪುರದ ಇಂದ್ರಭುವನ ಇದಕ್ಕೆ ದೊಡ್ಡ ಉದಾಹರಣೆ. ಮಹಾನಗರಪಾಲಿಕೆಯ ಕೆಲಸಕ್ಕೆ ಹೋದ ನಮ್ಮ ಸದಸ್ಯರೆಲ್ಲ ಅದನ್ನು ನೋಡಿದ್ದೀರಿ. ಮುಂದಿನ ಸಲ ಹೋದಾಗ ಕಮಾನು, ಬಾಲ್ಕನಿ, ಗೋಡೆಯ ಮೇಲಿನ ಗಾರೆಯ ಕೆಲಸವನ್ನು ಸ್ವಲ್ಪ ನಿಂತು ನೋಡಿರಿ. ಯೂರೋಪಿನ ಬಗೆಯೂ ನಮ್ಮ ಬಗೆಯೂ ಅಲ್ಲಿ ಬೆರೆತಿವೆ. ಅಕ್ಕಲಕೋಟೆ ಸಂಸ್ಥಾನದ ಅರಮನೆಯ ಶಸ್ತ್ರ ಸಂಗ್ರಹಾಲಯಕ್ಕೆ ಹೋದವರೂ ಆಯುಧಗಳ ಜೊತೆಗೆ ಕಟ್ಟಡವನ್ನು ಗಮನಿಸುವುದು ಒಳ್ಳೆಯದು.

ಇದಕ್ಕೂ ಮೊದಲು ಸುರಪುರದಲ್ಲಿ ಮೆಡೋಸ್ ಟೇಲರ್ ಇದ್ದರು. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡ ಅವರು ಮುಂದೆ 1853ರಿಂದ ನಮ್ಮ ಪಕ್ಕದ ನಳದುರ್ಗದಲ್ಲಿ ಅಧಿಕಾರಿಯಾಗಿದ್ದರು. ಸುರಪುರದ ಗುಡ್ಡದ ಮೇಲೆ ಅವರ ಮನೆ ‘ಟೇಲರ್ ಮಂಜಿಲ್’ ಇಂದಿಗೂ ಇದೆ. ಮೈಸೂರು ಅರಮನೆಯನ್ನು 1897ರ ಬೆಂಕಿಯ ನಂತರ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ರೂಪಿಸಿದರು, 1912ರಲ್ಲಿ ಕೆಲಸ ಮುಗಿಯಿತು. ಅದರ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂದವು. ಆದರೆ ಬಣ್ಣದ ಗಾಜಿನಲ್ಲಿ ಮೂಡಿದ್ದು ನಮ್ಮ ನವಿಲು.

ಸಾಮಾನ್ಯ ಮನೆಗಳಿಗೆ ಬಂದದ್ದು ಚಿಕ್ಕ ವಸ್ತುಗಳು. ಬೆತ್ತದ ಆರಾಮ ಕುರ್ಚಿ, ಗಾಜಿನ ಬಾಗಿಲಿನ ಕಪಾಟು, ಗೋಡೆ ಗಡಿಯಾರ, ಚೌಕಟ್ಟಿನ ಫೋಟೋ. ಇವು ಈಗ ನಮ್ಮ ಹಳೆಯ ಮನೆಗಳ ಅಟ್ಟದಲ್ಲಿವೆ.

4. ನಮ್ಮಲ್ಲಿ ಬೇಡವಾದವು

ಇಂಗ್ಲೆಂಡ್ ಚಳಿಯ, ಮಳೆಯ ನಾಡು. ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ, ಧೂಳಿನ, ಕಪ್ಪು ಮಣ್ಣಿನ ನಾಡು. ಆದ್ದರಿಂದ ಕೆಳಗಿನವನ್ನು ಬಿಡುವುದು ಮೇಲು.

(ಅ) ಅಗ್ಗಿಷ್ಟಿಕೆ: ಇಂಗ್ಲಿಷ್ ಕೋಣೆಯ ಕುರ್ಚಿಗಳೆಲ್ಲ ಬೆಂಕಿಯ ಕಡೆ ಮುಖ ಮಾಡಿರುತ್ತವೆ. ಚಳಿಗೆ ಅದು ಬೇಕು. ಇಲ್ಲಿ ವಿದ್ಯುತ್ತಿನ ಸುಳ್ಳು ಅಗ್ಗಿಷ್ಟಿಕೆ ಹಾಕಿಸಿ ಪ್ರಯೋಜನವಿಲ್ಲ. ನಮ್ಮ ಪಡಸಾಲೆಗೆ ತೂಗುಮಂಚವೋ, ಗಾದಿ-ಲೋಡು ಹಾಕಿದ ಬೈಠಕ್ಕೋ ನಡುವಿನ ಜಾಗವಾಗಲಿ.

(ಆ) ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್: ಧೂಳು ಹಿಡಿಯುತ್ತದೆ, ತೊಳೆಯಲು ಬರುವುದಿಲ್ಲ. ಶಹಾಬಾದ ಫರಸಿಯ ತಂಪು ನೆಲ ಇದ್ದವರು ಅದನ್ನು ಮುಚ್ಚಬಾರದು. ಬೇಕಾದಲ್ಲಿ ಜಮಖಾನ ಹಾಸಿರಿ.

(ಇ) ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಿಲಾವು, ಎಣ್ಣೆ ಬಣ್ಣ, ಗೋಡೆ ಕಾಗದ: ಕಲ್ಲು-ಮಣ್ಣಿನ ಗೋಡೆ ನೆಲದ ತೇವವನ್ನು ಹೀರಿ ಹೊರಗೆ ಬಿಡುತ್ತಿರುತ್ತದೆ. ಮೇಲೆ ಗಾಳಿಯಾಡದ ಪದರ ಹಾಕಿದರೆ ತೇವ ಒಳಗೇ ನಿಂತು ಹೊಪ್ಪಳಿಕೆ ಏಳುತ್ತದೆ, ಉಪ್ಪು ಹೊರಬರುತ್ತದೆ. ಅಂಥ ಗೋಡೆಗೆ ಸುಣ್ಣವೇ ಸರಿ.

(ಈ) ಹಳೆಯ ಗೋಡೆಗೆ ಪ್ಲೈವುಡ್ ಹೊದಿಕೆ: ಹಿಂದುಗಡೆ ಗೆದ್ದಲು ಹತ್ತಿದರೆ ಹೊರಗೆ ಕಾಣುವ ಹೊತ್ತಿಗೆ ಬಾಗಿಲ ಚೌಕಟ್ಟಿಗೂ ತಲುಪಿರುತ್ತದೆ.

5. ನಾವು ತೆಗೆದುಕೊಳ್ಳಬಹುದಾದವು

(ಅ) ಕಿಟಕಿಯ ಕಟ್ಟೆ: ಇಂಗ್ಲಿಷ್ ಮನೆಗಳಲ್ಲಿ ಕಿಟಕಿಯೊಳಗೆ ಕೂಡುವ ಜಾಗ ಮಾಡುತ್ತಾರೆ. ವಾಡೆಯ ಗೋಡೆ ಎರಡು-ಮೂರು ಅಡಿ ದಪ್ಪ, ಆದ್ದರಿಂದ ಆ ಜಾಗ ನಮ್ಮಲ್ಲಿ ಆಗಲೇ ಇದೆ. ಅಲ್ಲಿ ಡಬ್ಬಿ, ಹಳೇ ಪೇಪರು ತುಂಬಿರುತ್ತೇವೆ, ಅಷ್ಟೇ. ಅದನ್ನು ತೆರವು ಮಾಡಿ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕಟ್ಟೆ ಬರುವಂತೆ ನೋಡಿಕೊಂಡು, ಎರಡು ಇಂಚಿನ ಹತ್ತಿ ಗಾದಿ ಹಾಕಿದರೆ ವಯಸ್ಸಾದವರು ಬೆಳಕಿನಲ್ಲಿ ಕುಳಿತು ಪೇಪರ್ ಓದಬಹುದು. ಹೊಸ ಮನೆಯ ಒಂಬತ್ತಿಂಚಿನ ಗೋಡೆಯಾದರೆ ಕಿಟಕಿಯ ಕೆಳಗೆ ಒಂದೂವರೆ ಅಡಿ ಅಗಲದ ಪೆಟ್ಟಿಗೆ ಮಾಡಿಸಿರಿ. ಒಳಗೆ ಹಾಸಿಗೆ-ಹೊದಿಕೆ, ಮೇಲೆ ಕೂಡುವ ಜಾಗ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕಿಟಕಿಗೆ ಸರಳು ಇರಲೇಬೇಕು.

(ಆ) ಎರಡು ಬಣ್ಣದ ಗೋಡೆ: ಗೋಡೆಯ ಕೆಳಗಿನ ಮೂರು ಅಡಿಗೆ ಒಂದು ಬಣ್ಣ, ಮೇಲೆ ತಿಳಿ ಬಣ್ಣ ಹಚ್ಚುವುದು ಇಂಗ್ಲಿಷ್ ಪದ್ಧತಿ. ಕುರ್ಚಿಯ ಬೆನ್ನು ತಾಗಿ ಗೋಡೆ ಕೊಳೆಯಾಗಬಾರದೆಂದು ಮಾಡಿದ ಉಪಾಯ. ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ನಮ್ಮ ತಾಯಂದಿರು ಗೋಡೆಯ ಕೆಳಗೆ ಕೆಮ್ಮಣ್ಣಿನ ಪಟ್ಟಿ ಬಳಿಯುತ್ತಿದ್ದುದೂ ಇದೇ ಲೆಕ್ಕ. ಸುಣ್ಣಕ್ಕೆ ಕೆಮ್ಮಣ್ಣು, ಹಳದಿ ಮಣ್ಣು ಬೆರೆಸಿದರೆ ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ಮಂದ ಬಣ್ಣಗಳೇ ಬರುತ್ತವೆ. ಸುಣ್ಣವನ್ನು ತೆಳ್ಳಗೆ ಮಾಡಿ ಮೂರು ಸಲ ಹಚ್ಚಬೇಕು, ಹಚ್ಚುವ ಮುನ್ನ ಗೋಡೆಗೆ ನೀರು ಚಿಮುಕಿಸಬೇಕು. ಒಂದು ಮೂಲೆಯಲ್ಲಿ ಹಚ್ಚಿ ಒಣಗಿದ ಮೇಲೆ ಬಣ್ಣ ನೋಡಿ ಮುಂದುವರಿಯಿರಿ, ಏಕೆಂದರೆ ಒಣಗಿದಾಗ ಸುಣ್ಣ ಬಹಳ ತಿಳಿಯಾಗುತ್ತದೆ.

(ಇ) ಬಟ್ಟೆ: ಇಂಗ್ಲಿಷ್ ಹಳ್ಳಿಮನೆಯ ಮಂಚದ ಮೇಲಿನ ತುಂಡುಬಟ್ಟೆಯ ಹೊದಿಕೆ ನಮ್ಮ ಕೌದಿಯ ತಂಗಿ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಇಟ್ಟು ಕೈಯಿಂದ ಹೊಲಿದ ಕೌದಿಯನ್ನು ಅತಿಥಿಗಳು ಬಂದಾಗ ಒಳಗೆ ಮುಚ್ಚಿಡುವ ರೂಢಿ ಬಿಡಬೇಕು. ಅದನ್ನೇ ದಿವಾನದ ಮೇಲೆ ಹಾಸಿರಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸೊಲ್ಲಾಪುರಿ ಚಾದರ ನಮ್ಮ ಕೈಯಳತೆಯಲ್ಲಿದೆ. ಗುಳೇದಗುಡ್ಡದ ಖಣದಿಂದ ದಿಂಬಿನ ಚೀಲ, ಹಳೆಯ ಇಲಕಲ್ಲ ಸೀರೆಯ ಸೆರಗಿನಿಂದ ಗೋಡೆಯ ಚೌಕಟ್ಟು ಮಾಡಬಹುದು. ಬಣ್ಣ ಹೊಂದಿಸಲು ಒಂದು ಸುಲಭ ಲೆಕ್ಕವಿದೆ: ಚೌಕಳಿ, ಪಟ್ಟೆ, ಹೂವು ಮೂರೂ ಒಂದೇ ಕೋಣೆಯಲ್ಲಿ ಇರಬಹುದು, ಆದರೆ ಮೂರರಲ್ಲೂ ಒಂದು ಬಣ್ಣ ಸಮಾನವಾಗಿರಬೇಕು.

ಪರದೆಯ ಸರಳನ್ನು ಕಿಟಕಿಯ ಚೌಕಟ್ಟಿಗಿಂತ ಆರು ಇಂಚು ಮೇಲೆ, ಎರಡೂ ಬದಿಗೆ ಆರು ಇಂಚು ಹೆಚ್ಚು ಹಾಕಿಸಿರಿ. ಪರದೆ ಸರಿಸಿದಾಗ ಗಾಳಿ-ಬೆಳಕಿಗೆ ಅಡ್ಡಿಯಾಗುವುದಿಲ್ಲ. ಪಶ್ಚಿಮದ ಕಿಟಕಿಗೆ ತಿಳಿ ಬಣ್ಣದ ಅಸ್ತರು ಇರಲಿ.

(ಈ) ಬೆಳಕು: ನಮ್ಮ ಮನೆಗಳಲ್ಲಿ ನಡುವೆ ಒಂದು ಬಿಳಿ ಟ್ಯೂಬ್ ಲೈಟ್, ಅಷ್ಟಕ್ಕೇ ಮುಗಿಯಿತು. ಇಂಗ್ಲಿಷ್ ಕೋಣೆಯಲ್ಲಿ ಬೆಳಕು ಮೂರು ನಾಲ್ಕು ಕಡೆ, ಕೆಳಗಿನ ಎತ್ತರದಲ್ಲಿ ಇರುತ್ತದೆ. ಹಳೆಯ ದೀಪದ ಮಾಡದಲ್ಲಿ ಚಿಕ್ಕ ಎಲ್ಇಡಿ ಬಲ್ಬು ಇಡಿಸಬಹುದು. ಬಲ್ಬಿನ ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆ ಎಂದಿದ್ದರೆ ಹಳದಿ ಛಾಯೆಯ ಬೆಳಕು, 6500 ಕೆ ಎಂದಿದ್ದರೆ ಬಿಳಿ ಬೆಳಕು. ಕೂಡುವ ಕೋಣೆಗೆ ಮೊದಲನೆಯದು ಹಿತ. ಓದುವ ಜಾಗಕ್ಕೆ, ಅಡುಗೆಮನೆಗೆ ಬೇರೆಯಾಗಿ ಸಾಕಷ್ಟು ಬೆಳಕು ಬೇಕು. ಹಿರಿಯರು ರಾತ್ರಿ ಎದ್ದು ಓಡಾಡುವ ದಾರಿಯನ್ನು ಮಂದ ಮಾಡಬಾರದು.

(ಉ) ಫೋಟೋಗಳು: ನಾವು ಹಿರಿಯರ ಫೋಟೋಗಳನ್ನು ಜಂತಿಯ ಹತ್ತಿರ, ಮುಂದಕ್ಕೆ ಬಾಗಿಸಿ ತೂಗುಹಾಕುತ್ತೇವೆ. ವಿಕ್ಟೋರಿಯಾ ಕಾಲದವರೂ ಹಾಗೇ ಹಾಕುತ್ತಿದ್ದರು. ಈಗಿನ ಇಂಗ್ಲಿಷ್ ರೀತಿಯಲ್ಲಿ ಚಿತ್ರದ ನಡುಭಾಗ ನಿಂತವರ ಕಣ್ಣಿನ ಮಟ್ಟಕ್ಕೆ, ಅಂದರೆ ಸುಮಾರು ಐದು ಅಡಿಗೆ ಇರುತ್ತದೆ. ಪೂಜೆಯ ಫೋಟೋ ಇದ್ದಲ್ಲೇ ಇರಲಿ. ಮದುವೆ, ಶಾಲೆ, ಗಿರಣಿ, ಜಾತ್ರೆಯ ಫೋಟೋಗಳನ್ನು ಕೆಳಗಿಳಿಸಿ ಒಂದೇ ಗೋಡೆಗೆ ಸೇರಿಸಿದರೆ ಮೊಮ್ಮಕ್ಕಳು ನಿಂತು "ಇವರ್ಯಾರು?" ಎಂದು ಕೇಳುತ್ತಾರೆ. ಪ್ರತಿ ಫೋಟೋದ ಹಿಂದೆ ಹೆಸರು, ಊರು, ಇಸವಿ ಕನ್ನಡದಲ್ಲಿ ಬರೆದಿಡಿ. ಈ ಹೆಸರು ಗೊತ್ತಿರುವವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ.

(ಊ) ಪುಸ್ತಕದ ಗೋಡೆ: ಇಂಗ್ಲಿಷ್ ಮನೆಗೆ ಪುಸ್ತಕದ ಕಪಾಟು ಬೇರೆ ಅಲಂಕಾರವೇ ಬೇಡ ಎನ್ನಿಸುವಷ್ಟು ಮುಖ್ಯ. ಗೋಡೆಯ ಗೂಡಿಗೆ ಎರಡು ಹಲಗೆ ಹಾಕಿದರೆ ಕಪಾಟು ಸಿದ್ಧ. ಮರಾಠಿ, ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳ ಕಣ್ಣಿಗೆ ದಿನವೂ ಬೀಳುವ ಕನ್ನಡ ಅಕ್ಷರ ಆ ಹಲಗೆಯ ಮೇಲಾದರೂ ಇರಲಿ.

6. ಹಳೆಯ ಕಟ್ಟಿಗೆಯ ಆರೈಕೆ

ಸಾಗವಾನಿ ಬಾಗಿಲು, ಕಂಬ, ಬೋದಿಗೆಗಳ ಮೇಲೆ ಹಲವು ಪದರ ಎಣ್ಣೆ ಬಣ್ಣ ಇರುತ್ತದೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣಗಿದ್ದಂತೆಯೇ ಉಜ್ಜುಕಾಗದ ಹಾಕಿ ಧೂಳು ಎಬ್ಬಿಸಬಾರದು. ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಒದ್ದೆಯಿರುವಾಗಲೇ ಕೆರೆದು, ಮಕ್ಕಳನ್ನು ದೂರವಿಡಬೇಕು. ನಂತರ ಕಟ್ಟಿಗೆಗೆ ಬೇಕಾಗುವುದು ಅಗಸಿ ಎಣ್ಣೆ. ಇಂಗ್ಲಿಷ್ ಬಡಿಗರೂ ಅದನ್ನೇ ಬಳಸುತ್ತಿದ್ದರು. ಬಣ್ಣದ ಅಂಗಡಿಯಲ್ಲಿ ‘ಬಾಯಿಲ್ಡ್’ ಎಂದು ಕೇಳಿ ತರಬೇಕು, ಅಡುಗೆಯ ಎಣ್ಣೆ ಬೇಗ ಒಣಗುವುದಿಲ್ಲ. ತೆಳ್ಳಗೆ ಹಚ್ಚಿ, ಅರ್ಧ ಗಂಟೆಯ ನಂತರ ಹೆಚ್ಚಿನದನ್ನು ಒರೆಸಿ ತೆಗೆಯಿರಿ.

ಒಂದು ಎಚ್ಚರಿಕೆ: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಅಂಗಳದಲ್ಲಿ ಹರವಿ ಒಣಗಿಸಿ ಅನಂತರ ಬಿಸಾಡಿ.

7. ಅಲಂಕಾರಕ್ಕಿಂತ ಮೊದಲು ಭದ್ರತೆ

1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪವನ್ನು ನಮ್ಮ ಭಾಗದವರು ಮರೆತಿಲ್ಲ. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ತೀರಿಕೊಂಡರು. ಬಹುಪಾಲು ಸಾವಿಗೆ ಕಾರಣ ದಪ್ಪ ಕಲ್ಲು-ಮಣ್ಣಿನ ಗೋಡೆ ಮತ್ತು ಮೇಲಿನ ಭಾರದ ಮಣ್ಣಿನ ಮಾಳಿಗೆ. ಅಂಥದೇ ಮನೆಗಳು ನಮ್ಮವು. ಆದ್ದರಿಂದ ಹಳೆಯದೆಲ್ಲ ಉಳಿಸಲೇಬೇಕು ಎಂದು ಇಲ್ಲಿ ಹೇಳುತ್ತಿಲ್ಲ.

ಅಲಂಕಾರಕ್ಕೆ ಕೈ ಹಾಕುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರಿಂದ ಮನೆ ನೋಡಿಸಿರಿ. ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಗೋಡೆ ಹೊಟ್ಟೆ ಬಿಟ್ಟಿದೆಯೇ? ಮೂಲೆಗಳು ಬಿರಿದಿವೆಯೇ? ಗೋಡೆಯ ಎರಡೂ ಮುಖ ಹಿಡಿದಿಡುವ ಅಡ್ಡಗಲ್ಲುಗಳಿವೆಯೇ? ವರ್ಷವರ್ಷ ಹಾಕಿದ ಮಾಳಿಗೆಯ ಮಣ್ಣಿನ ಭಾರ ಎಷ್ಟು ಇಳಿಸಬೇಕು? ಇವಕ್ಕೆ ದುರಸ್ತಿ ಸಾಧ್ಯವೆಂದರೆ ಮಾಡಿಸಿ ವಾಸವಾಗಿರಿ. ಸಾಧ್ಯವಿಲ್ಲವೆಂದರೆ ಮನೆ ಇಳಿಸುವುದೇ ಸರಿ. ಮಲಗುವ ಜಾಗವನ್ನು ಬಿರಿದ ಗೋಡೆಯ ಪಕ್ಕ ಇಡಬಾರದು.

8. ಕೆಡವುವ ಮುನ್ನ ಯಾದಿ

ಮನೆ ಇಳಿಸಲೇಬೇಕಾದವರಿಗೆ ಈ ಲೇಖನದ ಮುಖ್ಯ ಮಾತು ಇದು. ಕೆಡವುವ ಗುತ್ತಿಗೆ ಮಾತಾಡುವಾಗ "ಕಟ್ಟಿಗೆ-ಕಲ್ಲು ನಿಮ್ಮದು, ಜಾಗ ಸ್ವಚ್ಛ ಮಾಡಿಕೊಡಿ" ಎಂದು ಒಂದೇ ಮಾತಿನಲ್ಲಿ ಬಿಟ್ಟುಕೊಡುವ ರೂಢಿಯಿದೆ. ಹಾಗೆ ಹೋದ ಬಾಗಿಲು, ಕಂಬಗಳು ದೊಡ್ಡ ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೂಡುತ್ತವೆ. ಇಂಗ್ಲಿಷ್ ಮಾದರಿ ಬೇಕೆನ್ನುವ ಶ್ರೀಮಂತರು ಅವನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುತ್ತಾರೆ. ನಾವು ಮಾತ್ರ ಹೊಸ ಮನೆಗೆ ರೆಡಿಮೇಡ್ ಫ್ಲಶ್ ಡೋರ್ ತರುತ್ತೇವೆ.

ಆದ್ದರಿಂದ ಒಂದು ನೋಟ್‌ಬುಕ್ ತೆಗೆದುಕೊಂಡು ಕ್ರಮ ಸಂಖ್ಯೆ, ವಸ್ತು, ಉದ್ದ-ಅಗಲ-ದಪ್ಪ, ಸ್ಥಿತಿ, ಮುಂದಿನ ಉಪಯೋಗ ಎಂದು ಐದು ಕಾಲಂ ಹಾಕಿರಿ. ಬಾಗಿಲು-ಚೌಕಟ್ಟು, ಕಂಬ, ಬೋದಿಗೆ, ತೊಲೆ, ಕಿಟಕಿಯ ಸರಳು, ಫರಸಿ, ಬೀಸುಕಲ್ಲು, ಸಂದೂಕು, ಕಪಾಟು, ಕುರ್ಚಿ ಎಲ್ಲವೂ ಬರಲಿ. ಪ್ರತಿಯೊಂದಕ್ಕೂ ಸೀಮೆಸುಣ್ಣದಿಂದ ಸಂಖ್ಯೆ ಬರೆದು ಫೋಟೋ ತೆಗೆಯಿರಿ. ಅದರ ನಂತರವೇ ಗುತ್ತಿಗೆ ಮಾತಾಡಿರಿ, ಉಳಿಸಿಕೊಳ್ಳುವ ಸಂಖ್ಯೆಗಳನ್ನು ಕರಾರಿನಲ್ಲಿ ಬರೆಸಿರಿ. ಅಣ್ಣತಮ್ಮಂದಿರ ಪಾಲಿನ ಮನೆಯಾದರೆ ಎಲ್ಲರ ಸಹಿ ಇರಲಿ. ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಹೊಸ ಮನೆಯ ನಕ್ಷೆ ಹಾಕಿಸುವ ಮೊದಲೇ ಈ ಯಾದಿ ಎಂಜಿನಿಯರ್ ಕೈಗೆ ಹೋಗಬೇಕು. ಹಳೆಯ ತಲೆಬಾಗಿಲಿನ ಅಳತೆಗೆ ಹೊಸ ಗೋಡೆಯಲ್ಲಿ ಜಾಗ ಬಿಡುವುದು ಸುಲಭ. ಗೋಡೆ ಕಟ್ಟಿದ ಮೇಲೆ ಬಾಗಿಲು ಕೊಯ್ಯಿಸಬೇಕಾಗುತ್ತದೆ. ಎರಡು ಕಂಬಗಳನ್ನು ಪಡಸಾಲೆಗೆ ನಿಲ್ಲಿಸಬಹುದು, ತೊಲೆಯನ್ನು ಸೀಳಿಸಿ ಮೇಜು, ಬೆಂಚು, ಪುಸ್ತಕದ ಹಲಗೆ ಮಾಡಿಸಬಹುದು, ಫರಸಿಯನ್ನು ಅಂಗಳಕ್ಕೆ ಹಾಸಬಹುದು. ಸೊಲ್ಲಾಪುರ, ಪುಣೆಯ ಫ್ಲ್ಯಾಟಿನಲ್ಲಿರುವವರು ಒಂದು ಸಂದೂಕು, ಒಂದು ಆರಾಮ ಕುರ್ಚಿ, ಒಂದು ಕೌದಿ ಒಯ್ದರೂ ಸಾಕು. ಒಂದು ಕೋಣೆಗೆ ಅಷ್ಟೇ ಬೇಕಾಗುತ್ತದೆ.

9. ಕೆಲಸದ ಕ್ರಮ

ಮೊದಲು ಭದ್ರತೆಯ ತಪಾಸಣೆ, ಆಮೇಲೆ ಯಾದಿ. ಮೂರನೆಯದು ತೆರವು: ಮಾರಿಸ್‌ನ ಲೆಕ್ಕದಂತೆ ಉಪಯೋಗವೂ ಇಲ್ಲದ, ಚೆಂದವೂ ಇಲ್ಲದ ಸಾಮಾನು ಹೊರಗೆ. ನಾಲ್ಕನೆಯದು ಗೋಡೆ, ಬೆಳಕು. ಐದನೆಯದು ಬಟ್ಟೆ. ಇಷ್ಟು ಮುಗಿಸಿ ಒಂದು ತಿಂಗಳು ಆ ಕೋಣೆಯಲ್ಲಿ ಇದ್ದು ನೋಡಿ, ಆಮೇಲೂ ಕೊರತೆ ಕಂಡರೆ ಮಾತ್ರ ಅಂಗಡಿಗೆ ಹೋಗಿರಿ. ಖರ್ಚು ಕಡಿಮೆಯಾಗುವುದು ಈ ಕ್ರಮದಿಂದಲೇ.

ಮನೆ ಕೆಡವಲು ಅಥವಾ ದುರಸ್ತಿ ಮಾಡಿಸಲು ಯೋಚಿಸಿರುವ ಸದಸ್ಯರು ತಮ್ಮ ಯಾದಿಯ ಒಂದು ಪ್ರತಿಯನ್ನು ಸಂಘಕ್ಕೆ ಕೊಟ್ಟರೆ ತಮಗೆ ಬೇಡವಾದ ಬಾಗಿಲು, ಕಂಬ, ಕಪಾಟುಗಳ ವಿವರವನ್ನು ಇತರ ಸದಸ್ಯರಿಗೆ ತಿಳಿಸಲು ಅನುಕೂಲವಾಗುತ್ತದೆ. ಒಬ್ಬರ ಮನೆಯಿಂದ ಹೊರಟದ್ದು ಗುಜರಿಗೆ ಹೋಗುವ ಬದಲು ಇನ್ನೊಬ್ಬ ಸದಸ್ಯರ ಮನೆಯ ತಲೆಬಾಗಿಲಾದರೆ ಅದು ನಮ್ಮೂರಲ್ಲೇ ಉಳಿದಂತೆ. ಹಳೆಯ ಕಟ್ಟಿಗೆಯ ಕೆಲಸ ಬಲ್ಲ ಬಡಿಗರು, ಸುಣ್ಣದ ಕೆಲಸ ಬಲ್ಲ ಗೌಂಡಿಗಳು, ಕೌದಿ ಹೊಲಿಯುವ ತಾಯಂದಿರು ತಮ್ಮ ಊರಲ್ಲಿದ್ದರೆ ಅವರ ಒಪ್ಪಿಗೆ ಪಡೆದು ಸಂಘಕ್ಕೆ ತಿಳಿಸಬೇಕೆಂದು ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಮೈಂದರ್ಗಿ